ಊರುಗಳ ಹೆಸರಿನಲ್ಲಿ ಉಳಿದ ಸಂತ: ಐಯೋನಾ ದ್ವೀಪದ ಕೊಲುಂಬಾ

ಜೂನ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಯೇಸುವಿನ ಪವಿತ್ರ ಹೃದಯದ ಭಕ್ತಿ, ಅದರ ಬೆನ್ನಿಗೆ 13ನೇ ತಾರೀಕಿನ ಸಂತ ಅಂತೋನಿಯವರ ಹಬ್ಬ. ಇವುಗಳ ನಡುವೆ ಜೂನ್ 9 ಸದ್ದಿಲ್ಲದೆ ಕಳೆದುಹೋಗುತ್ತದೆ. ಪೂಜಾ ಪಂಚಾಂಗದಲ್ಲಿ ಅಂದು ಸಂತ ಎಫ್ರೇಮರ ಸ್ಮರಣೆ ಇದೆ. ಆದರೆ ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್ ದೇಶಗಳ ಕ್ರೈಸ್ತರಿಗೆ ಅದು ಸಂತ ಕೊಲುಂಬಾರ ಹಬ್ಬದ ದಿನ. ಸಂತ ಪ್ಯಾಟ್ರಿಕ್ ಮತ್ತು ಸಂತ ಬ್ರಿಜಿಡಾರೊಂದಿಗೆ ಐರ್ಲೆಂಡಿನ ಮೂವರು ಪಾಲಕ ಸಂತರಲ್ಲಿ ಇವರೂ ಒಬ್ಬರು. ಇಟಲಿಯ ಬೊಬ್ಬಿಯೋದಲ್ಲಿ ಮಠ ಕಟ್ಟಿದ ಸಂತ ಕೊಲುಂಬಾನ್ ಎಂಬವರೇ ಬೇರೆ, ಇವರೇ ಬೇರೆ. ಹೆಸರಿನ ಹೋಲಿಕೆಯಿಂದ ಹಲವರು ಇಬ್ಬರನ್ನೂ ಒಬ್ಬರೆಂದು ತಿಳಿಯುವುದುಂಟು.

ಇವರ ಜೀವನವನ್ನು ತಿಳಿಯಲು ಎರಡು ದಾರಿಗಳಿವೆ. ಒಂದು, ಐಯೋನಾ ಮಠದ 9ನೇ ಮಠಾಧ್ಯಕ್ಷರಾಗಿದ್ದ ಸಂತ ಅದೊಮ್ನಾನ್ ಅವರು ಲತೀನ್ ಭಾಷೆಯಲ್ಲಿ ಬರೆದ ಜೀವನ ಚರಿತ್ರೆ. ಕೊಲುಂಬಾರು ತೀರಿಹೋದ ಸುಮಾರು 100 ವರ್ಷಗಳ ನಂತರ ಅದು ಬರೆಯಲ್ಪಟ್ಟಿತು. ಇನ್ನೊಂದು ದಾರಿ ಕಾಗದದ ಮೇಲಿಲ್ಲ, ಅದು ನೆಲದ ಮೇಲಿದೆ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಊರು, ಕಣಿವೆ, ಬಂದರು, ಬಾವಿ, ದಿಬ್ಬಗಳ ಗೇಲಿಕ್ ಹೆಸರುಗಳೇ ಆ ದಾರಿ. ಓದುಗ ಬಾಂಧವರೇ, ಈ ಬಾರಿ ನಾವು ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಸಂತರ ಜೀವನದುದ್ದಕ್ಕೂ ನಡೆಯೋಣ.

ನರಿಯಿಂದ ಪಾರಿವಾಳ

ಐರ್ಲೆಂಡಿನ ವಾಯವ್ಯ ಮೂಲೆಯ ಡೊನೆಗಾಲ್ ಪ್ರದೇಶದ ಗಾರ್ಟನ್ ಎಂಬಲ್ಲಿ ಸುಮಾರು 521ರಲ್ಲಿ ಅವರು ಹುಟ್ಟಿದರು. ತಂದೆ ಫೆದೆಲ್ಮಿದ್, ತಾಯಿ ಎತ್ನೆ. ಮನೆತನ ಸಾಮಾನ್ಯದ್ದಲ್ಲ. ಉತ್ತರ ಐರ್ಲೆಂಡನ್ನು ಆಳುತ್ತಿದ್ದ ರಾಜವಂಶದ ಕುಡಿ ಅವರು. ಮನಸ್ಸು ಮಾಡಿದ್ದರೆ ಅವರೇ ಪಟ್ಟಕ್ಕೆ ಹಕ್ಕು ಸಾಧಿಸಬಹುದಿತ್ತು.

ಅವರ ಮೊದಲ ಹೆಸರು ಕ್ರಿಂತನ್ ಎಂದಿತ್ತೆಂದು ಹಳೆಯ ಪರಂಪರೆ ಹೇಳುತ್ತದೆ. ಅದಕ್ಕೆ ನರಿ ಎಂದು ಅರ್ಥ. ಆದರೆ ಚರಿತ್ರೆಯಲ್ಲಿ ಉಳಿದ ಹೆಸರು ಕೊಲಮ್ ಕಿಲ್ಲೆ. 'ಕೊಲಮ್' ಎಂದರೆ ಪಾರಿವಾಳ, ಲತೀನಿನ 'ಕೊಲುಂಬಾ' ಎಂಬುದರ ಗೇಲಿಕ್ ರೂಪ. 'ಕಿಲ್' ಎಂದರೆ ಇಗರ್ಜಿ. ಅಂದರೆ ಇಗರ್ಜಿಯ ಪಾರಿವಾಳ. ಬಾಲಕ ಸದಾ ಪ್ರಾರ್ಥನಾಲಯದಿಂದಲೇ ಹೊರಬರುತ್ತಿದ್ದುದನ್ನು ಕಂಡು ಓರಗೆಯ ಮಕ್ಕಳು ಹೀಗೆ ಕರೆದರೆಂದು ಕಥೆಯಿದೆ. ಅವರ ಜೀವನವನ್ನು ಓದಿದಾಗ ಒಂದು ಮಾತು ನಮಗನಿಸುತ್ತದೆ. ನರಿ ಒಂದೇ ದಿನದಲ್ಲಿ ಪಾರಿವಾಳವಾಗಲಿಲ್ಲ, ಅದಕ್ಕೆ ಬಹಳ ವರ್ಷಗಳೇ ಹಿಡಿದವು.

'ಕಿಲ್' ಎಂಬ ಈ ಪದವನ್ನು ಓದುಗರು ನೆನಪಿನಲ್ಲಿಡಬೇಕು. ಅದು ಲತೀನಿನ 'ಚೆಲ್ಲಾ', ಅಂದರೆ ಸನ್ಯಾಸಿಯ ಚಿಕ್ಕ ಕೋಣೆ ಎಂಬ ಪದದಿಂದ ಬಂದದ್ದು. ಕೋಣೆಯ ಪಕ್ಕ ಪ್ರಾರ್ಥನಾಲಯ, ಪ್ರಾರ್ಥನಾಲಯದ ಸುತ್ತ ಸಮಾಧಿ ಭೂಮಿ, ಅದರ ಸುತ್ತ ಊರು ಬೆಳೆದಂತೆ ಪದದ ಅರ್ಥವೂ ಬೆಳೆಯಿತು. ಕಿಲ್ಡೇರ್ ಎಂದರೆ ಓಕ್ ಮರದ ಇಗರ್ಜಿ. ಕಿಲ್‌ಬ್ರೈಡ್ ಎಂದರೆ ಬ್ರಿಜಿಡಾರ ಇಗರ್ಜಿ. ಕಿಲ್ಕೆನ್ನಿ ಎಂದರೆ ಕೊಲುಂಬಾರ ಆಪ್ತ ಸ್ನೇಹಿತರಾಗಿದ್ದ ಸಂತ ಕೈನೆಖ್ ಅವರ ಇಗರ್ಜಿ. ಒಂದು ಎಚ್ಚರಿಕೆಯೂ ಬೇಕು. ಕಿಲ್ ಎಂದು ಶುರುವಾಗುವ ಊರೆಲ್ಲ ಇಗರ್ಜಿಯ ಊರಲ್ಲ. ಸ್ಕಾಟ್ಲೆಂಡಿನ ಕಿಲಿಕ್ರಾಂಕಿಯಲ್ಲಿರುವುದು ಕಾಡು ಎಂಬ ಅರ್ಥದ 'ಕೊಯ್ಲೆ' ಎಂಬ ಪದ. ಇಂಗ್ಲಿಷ್ ಬರವಣಿಗೆಯಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ.

ಓಕ್ ಮರಗಳ ತೋಪು

ಕೊಲುಂಬಾರು ಆ ಕಾಲದ ಹೆಸರಾಂತ ಗುರುಗಳ ಬಳಿ ಪವಿತ್ರ ಗ್ರಂಥವನ್ನು ಕಲಿತು ಗುರುದೀಕ್ಷೆ ಪಡೆದರು. ಐರ್ಲೆಂಡಿನ ಹಳೆಯ ದಾಖಲೆಗಳ ಪ್ರಕಾರ ಸುಮಾರು 546ರಲ್ಲಿ ಡೆರಿ ಎಂಬಲ್ಲಿ ಮಠ ಸ್ಥಾಪಿಸಿದರು. ಅದರ ಹಳೆಯ ಹೆಸರು 'ದೈರೆ ಕಲ್ಗಾಖ್', ಅಂದರೆ ಕಲ್ಗಾಖ್ ಎಂಬವನ ಓಕ್ ತೋಪು. ದೇಶದ ನಡುಭಾಗದಲ್ಲಿ ಅವರು ಕಟ್ಟಿದ ಇನ್ನೊಂದು ಮಠ ಡರೋ. ಅದರ ಹಳೆಯ ಹೆಸರು 'ದೈರ್‌ಮಗ್', ಓಕ್ ಮರಗಳ ಬಯಲು. ಎರಡರಲ್ಲೂ ಓಕ್ ಮರವೇ ಇದೆ. ಡೆರಿಯ ಮರಗಳ ಮೇಲೆ ಸಂತರಿಗೆ ಎಷ್ಟು ಪ್ರೀತಿ ಇತ್ತೆಂದರೆ, ಮರ ಕಡಿಯಬೇಕಾಗುತ್ತದೆಂದು ಪ್ರಾರ್ಥನಾಲಯವನ್ನು ಪೂರ್ವಕ್ಕೆ ಮುಖ ಮಾಡಿ ಕಟ್ಟುವುದನ್ನೇ ಅವರು ಬಿಟ್ಟರೆಂದು ಜನರು ಹೇಳುತ್ತಾರೆ.

1613ರಲ್ಲಿ ಇಂಗ್ಲೆಂಡಿನ ದೊರೆಯ ಸನದಿನಿಂದ ಈ ಊರಿಗೆ ಲಂಡನ್‌ಡೆರಿ ಎಂಬ ಹೆಸರು ಬಂತು. ಅಂದಿನಿಂದ ಇಂದಿನವರೆಗೂ ಒಂದು ಪಂಗಡ ಡೆರಿ ಎನ್ನುತ್ತದೆ, ಇನ್ನೊಂದು ಪಂಗಡ ಲಂಡನ್‌ಡೆರಿ ಎನ್ನುತ್ತದೆ. ಯಾವ ಹೆಸರು ಹೇಳಿದರು ಎಂಬುದರಿಂದಲೇ ಹೇಳಿದವರು ಯಾವ ಪಂಗಡದವರೆಂದು ಅಲ್ಲಿನವರು ಊಹಿಸುವ ಕಾಲವೂ ಇತ್ತು. ಮರದ ತೋಪೊಂದರ ಹೆಸರಿಗೆ ಇಷ್ಟು ನೋವು ಅಂಟಿಕೊಂಡಿರುವುದನ್ನು ನೋಡಿದರೆ, ಊರಿನ ಹೆಸರು ಬರೀ ಶಬ್ದವಲ್ಲ ಎಂಬುದು ಯಾರಿಗೂ ಅರ್ಥವಾಗುತ್ತದೆ.

ಒಂದು ಪುಸ್ತಕ, ಒಂದು ಯುದ್ಧ

ಇಲ್ಲಿಂದ ಮುಂದೆ ಸಂತರ ಜೀವನದ ಅತ್ಯಂತ ಕಷ್ಟದ ಅಧ್ಯಾಯ. ಇದನ್ನು ಮುಚ್ಚಿಟ್ಟು ಬರೆಯುವುದು ಸುಲಭ, ಆದರೆ ಅದು ಸಂತರಿಗೆ ಮಾಡುವ ಗೌರವವಲ್ಲ.

ಜನಪ್ರಿಯ ಕಥೆ ಹೀಗಿದೆ. ಕೊಲುಂಬಾರು ತಮ್ಮ ಗುರು ಫಿನ್ನಿಯಾನ್ ಅವರ ಬಳಿಯಿದ್ದ ಅಪರೂಪದ ಕೀರ್ತನೆಗಳ ಪುಸ್ತಕವನ್ನು ಅವರಿಗೆ ತಿಳಿಸದೆ ರಾತ್ರಿ ಕುಳಿತು ನಕಲು ಮಾಡಿಕೊಂಡರು. ಗುರುಗಳು ನಕಲು ತಮ್ಮದೇ ಎಂದು ವಾದಿಸಿದರು. ವ್ಯಾಜ್ಯ ಅರಸ ದಿಯರ್ಮತ್‌ನ ಮುಂದೆ ಹೋಯಿತು. ಹಸು ಯಾರದೋ ಕರುವೂ ಅವರದೇ, ಹಾಗೆಯೇ ಪುಸ್ತಕ ಯಾರದೋ ಅದರ ನಕಲೂ ಅವರದೇ ಎಂಬ ಅರ್ಥದ ತೀರ್ಪನ್ನು ಅರಸನು ಕೊಟ್ಟನು. ಕೊಲುಂಬಾರು ಸಿಟ್ಟಿಗೆದ್ದು ತಮ್ಮ ಬಂಧುಗಳನ್ನು ಯುದ್ಧಕ್ಕೆ ಎಬ್ಬಿಸಿದರು. 561ರಲ್ಲಿ ಕೂಲ್ ದ್ರೆವ್ನೆ ಎಂಬಲ್ಲಿ ನಡೆದ ಕಾಳಗದಲ್ಲಿ ಸಾವಿರಾರು ಮಂದಿ ಸತ್ತರು.

ಯುದ್ಧ ನಡೆದದ್ದು ನಿಜ, ಸಂತರ ಬಂಧುಗಳು ಗೆದ್ದದ್ದೂ ನಿಜ. ಆದರೆ ಪುಸ್ತಕದ ಜಗಳದ ಕಥೆ ವಿಸ್ತಾರವಾಗಿ ಸಿಗುವುದು ಅವರದೇ ವಂಶದ ಮಾನುಸ್ ಓ'ಡೊನೆಲ್ 1532ರಲ್ಲಿ ಸಿದ್ಧಪಡಿಸಿದ ಚರಿತ್ರೆಯಲ್ಲಿ. ನಡುವೆ ಸುಮಾರು ಸಾವಿರ ವರ್ಷಗಳ ಅಂತರವಿದೆ. ಅದೊಮ್ನಾನ್ ಪುಸ್ತಕದ ಸುದ್ದಿಯನ್ನೇ ಎತ್ತುವುದಿಲ್ಲ. ಆದರೆ ಅವರೂ ಒಂದು ಸಂಗತಿಯನ್ನು ಬಚ್ಚಿಡಲಿಲ್ಲ. ಐರ್ಲೆಂಡಿನ ಧರ್ಮಸಭೆಯ ಹಿರಿಯರ ಸಭೆಯೊಂದು ಕೊಲುಂಬಾರನ್ನು ಬಹಿಷ್ಕರಿಸಿತ್ತು. ಕಾರಣ ಕ್ಷುಲ್ಲಕವಾಗಿತ್ತು, ತೀರ್ಪು ಅನ್ಯಾಯದ್ದು ಎಂದು ನಂತರ ತಿಳಿದುಬಂತು ಎಂದು ಅದೊಮ್ನಾನ್ ಬರೆಯುತ್ತಾರೆ. ಆ ಸಭೆಯಲ್ಲಿ ಬಿರ್ ಮಠದ ಸಂತ ಬ್ರೆಂಡನ್ ಎದ್ದು ಹೋಗಿ ಬಹಿಷ್ಕೃತರನ್ನು ಮುತ್ತಿಟ್ಟು ಬರಮಾಡಿಕೊಂಡರು ಎಂಬ ವಿವರವೂ ಅಲ್ಲಿದೆ.

ಕೀರ್ತನೆಗಳ ಒಂದು ಪುರಾತನ ಹಸ್ತಪ್ರತಿ ಇಂದಿಗೂ ಡಬ್ಲಿನ್‌ನ ರಾಯಲ್ ಐರಿಷ್ ಅಕಾಡೆಮಿಯಲ್ಲಿದೆ. ಉಳಿದಿರುವುದು 58 ಹಾಳೆಗಳು. ಅದು ಸಂತರ ಕೈಬರಹವೆಂದು ಪರಂಪರೆ ನಂಬುತ್ತದೆ. ಅದರ ಹೆಸರು 'ಕಾಹಖ್', ಎಂದರೆ ಕಾಳಗದ್ದು, ಹೋರಾಡುವಂಥದ್ದು. ಓ'ಡೊನೆಲ್ ವಂಶದವರು ಯುದ್ಧಕ್ಕೆ ಮೊದಲು ಅದನ್ನು ಪೆಟ್ಟಿಗೆಯಲ್ಲಿಟ್ಟು ಸೈನ್ಯದ ಸುತ್ತ ಪ್ರದಕ್ಷಿಣೆ ತರುತ್ತಿದ್ದರು. ದೇವರನ್ನು ಸ್ತುತಿಸುವ ಕೀರ್ತನೆಗಳ ಪುಸ್ತಕಕ್ಕೆ ಕಾಳಗದ ಹೆಸರು! ಇದರಲ್ಲಿ ನಮಗೆಲ್ಲರಿಗೂ ಒಂದು ಪಾಠವಿದೆ. ಧರ್ಮಕೇಂದ್ರದ ಒಳಗಿನ ಚಿಕ್ಕ ಪುಟ್ಟ ಹಕ್ಕಿನ ಜಗಳಗಳು ಎಲ್ಲಿಗೆ ಮುಟ್ಟಬಲ್ಲವು ಎಂಬುದನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಐರ್ಲೆಂಡಿಗೆ ಬೆನ್ನು ಹಾಕಿದ ದಿಬ್ಬ

ಯುದ್ಧದ 2 ವರ್ಷಗಳ ನಂತರ, 563ರಲ್ಲಿ, ತಮ್ಮ 42ನೇ ವಯಸ್ಸಿನಲ್ಲಿ ಕೊಲುಂಬಾರು 12 ಮಂದಿ ಸಂಗಡಿಗರೊಂದಿಗೆ ಸಮುದ್ರ ದಾಟಿದರು. ಪ್ರಾಯಶ್ಚಿತ್ತಕ್ಕಾಗಿ ಹೋದರು, ಯುದ್ಧದಲ್ಲಿ ಸತ್ತವರಷ್ಟೇ ಆತ್ಮಗಳನ್ನು ಕ್ರಿಸ್ತನಿಗಾಗಿ ಗೆಲ್ಲುವ ಶಿಕ್ಷೆ ಹೊತ್ತು ಹೋದರು ಎಂಬುದು ನಂತರದ ಪರಂಪರೆ. ಕ್ರಿಸ್ತನಿಗಾಗಿ ಯಾತ್ರಿಕರಾಗಲು ಬಯಸಿ ಹೋದರು ಎಂದಷ್ಟೇ ಅದೊಮ್ನಾನ್ ಹೇಳುತ್ತಾರೆ.

ಅವರು ಹೋದದ್ದು ಅಪರಿಚಿತರ ನಾಡಿಗಲ್ಲ. ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ ಆಗಲೇ ಗೇಲಿಕ್ ಮಾತನಾಡುವವರ ದಾಲ್ ರಿಯಾಟ ಎಂಬ ರಾಜ್ಯವಿತ್ತು. ಆ ಪ್ರದೇಶಕ್ಕೆ ಇಂದಿಗೂ ಆರ್ಗೈಲ್ ಎಂಬ ಹೆಸರಿದೆ. ಅದರ ಅರ್ಥ ಗೇಲರ ಕರಾವಳಿ ಎಂದು.

ಅಲ್ಲಿ ಅವರು ನೆಲೆಸಿದ ಐಯೋನಾ ಸುಮಾರು 5 ಕಿಲೋಮೀಟರ್ ಉದ್ದದ ಪುಟ್ಟ ದ್ವೀಪ. ಈ ಹೆಸರಿನ ಹಿಂದೆಯೂ ಒಂದು ಸ್ವಾರಸ್ಯವಿದೆ. ಗೇಲಿಕ್‌ನಲ್ಲಿ ಅದರ ಹೆಸರು 'ಈ' ಎಂದಷ್ಟೆ, ಒಂದೇ ಸ್ವರ. ಅದೊಮ್ನಾನ್ ಲತೀನಿನಲ್ಲಿ ಅದನ್ನು ಐಯೋವಾ ಎಂದು ಬರೆದರು. ಮುಂದೆ ನಕಲು ಮಾಡಿದವರು 'ಯು' ಅಕ್ಷರವನ್ನು 'ಎನ್' ಎಂದು ಓದಿದ್ದರಿಂದ ಐಯೋನಾ ಆಯಿತು. ಹೀಬ್ರೂ ಭಾಷೆಯಲ್ಲಿ ಪಾರಿವಾಳಕ್ಕೆ ಇರುವ ಪದವೂ ಯೋನಾ, ಪ್ರವಾದಿ ಯೋನನ ಹೆಸರೂ ಅದೇ. ಕೊಲುಂಬಾ ಮತ್ತು ಯೋನಾ ಒಂದೇ ಅರ್ಥದ ಹೆಸರುಗಳೆಂದು ಅದೊಮ್ನಾನ್ ಆಗಲೇ ಗಮನಿಸಿದ್ದರು. ಕೈತಪ್ಪಿನಿಂದ ಹುಟ್ಟಿದ ಹೆಸರು ಸಂತರ ಹೆಸರಿಗೇ ಹೊಂದಿಕೊಂಡಿತು.

ದ್ವೀಪದ ದಕ್ಷಿಣ ತುದಿಯ ಕೊಲ್ಲಿಗೆ 'ಪೋರ್ಟ್ ಅ ಖುರಾಯಿಖ್' ಎನ್ನುತ್ತಾರೆ. 'ಕುರಖ್' ಎಂದರೆ ಮರದ ಚೌಕಟ್ಟಿಗೆ ಚರ್ಮ ಹೊದೆಸಿ ಮಾಡಿದ ದೋಣಿ, ನಮ್ಮ ಹರಿಗೋಲಿನ ಜಾತಿಯದ್ದು. ಸಂತರ ದೋಣಿ ತಂಗಿದ ಬಂದರು ಇದೆಂದು ನಂಬಿಕೆ. ಅದರ ಹತ್ತಿರದ ದಿಬ್ಬದ ಹೆಸರಿಗೆ ಐರ್ಲೆಂಡಿಗೆ ಬೆನ್ನು ಹಾಕಿದ ಕಲ್ಲುರಾಶಿ ಎಂದು ಅರ್ಥ. ಅವರು ಅದರ ಮೇಲೆ ಹತ್ತಿ ನೋಡಿದರಂತೆ. ತಾಯ್ನಾಡು ಕಣ್ಣಿಗೆ ಕಾಣದೆಂದು ಖಚಿತವಾದ ಮೇಲೆಯೇ ಅಲ್ಲಿ ಉಳಿಯಲು ಒಪ್ಪಿದರಂತೆ.

ಇದು ಜನಪದ ಕಥೆ. ನಿಜ ಸಂಗತಿಯೆಂದರೆ ಅವರು ಕೆಲಸದ ಮೇಲೆ ಐರ್ಲೆಂಡಿಗೆ ಹಲವು ಸಲ ಹೋಗಿ ಬಂದರು. ಡ್ರಮ್ ಕೆಟ್ ಎಂಬಲ್ಲಿ ಅರಸರ ಮಹಾಸಭೆಯಲ್ಲೂ ಭಾಗವಹಿಸಿದರು. 'ಡ್ರಮ್' ಎಂದರೆ ಬೆನ್ನಿನಂತೆ ಚಾಚಿದ ಏರುನೆಲ. ಆ ಸಭೆಯಲ್ಲಿ ಕವಿಗಳನ್ನು ದೇಶದಿಂದ ಓಡಿಸಬೇಕೆಂಬ ಪ್ರಸ್ತಾವ ಬಂದಾಗ ಕೊಲುಂಬಾರು ಅವರ ಪರ ನಿಂತರೆಂದು ಪರಂಪರೆ ಹೇಳುತ್ತದೆ. ಸಂತರು ತೀರಿಕೊಂಡಾಗ ದಲ್ಲಾನ್ ಎಂಬ ಕವಿ ರಚಿಸಿದನೆನ್ನಲಾದ ಚರಮಗೀತೆ ಐರಿಷ್ ಭಾಷೆಯ ಅತಿ ಹಳೆಯ ಕಾವ್ಯಗಳಲ್ಲಿ ಒಂದು.

ಆದರೂ ಜನಪದ ಕಥೆ ಹುಟ್ಟುವುದು ಸುಮ್ಮನೆ ಅಲ್ಲ. ತಾಯ್ನಾಡಿನ ಹಂಬಲ ಸಂತರಲ್ಲಿ ಇತ್ತೆಂಬುದಕ್ಕೆ ಅದೊಮ್ನಾನ್ ಒಂದು ಘಟನೆ ಕೊಡುತ್ತಾರೆ. ಒಂದು ದಿನ ಕೊಲುಂಬಾರು ಒಬ್ಬ ಸನ್ಯಾಸಿಯನ್ನು ಕರೆದು, ಮೂರನೇ ದಿನ ಮಧ್ಯಾಹ್ನದ ನಂತರ ದ್ವೀಪದ ಪಶ್ಚಿಮ ದಂಡೆಯಲ್ಲಿ ಕಾಯಲು ಹೇಳಿದರು. ಐರ್ಲೆಂಡಿನ ಕಡೆಯಿಂದ ಗಾಳಿಗೆ ಸಿಕ್ಕಿ ದಣಿದ ಒಂದು ಕೊಕ್ಕರೆ ಬಂದು ಬೀಳುವುದೆಂದೂ, ಅದನ್ನು ಎತ್ತಿಕೊಂಡು ಹೋಗಿ 3 ದಿನ ಅತಿಥಿಯಂತೆ ಉಪಚರಿಸಬೇಕೆಂದೂ ತಿಳಿಸಿದರು. ಅದು ತಮ್ಮ ಹುಟ್ಟೂರಿನ ಕಡೆಯ ಹಕ್ಕಿ ಎಂಬುದೇ ಅವರು ಕೊಟ್ಟ ಕಾರಣ. ಹಕ್ಕಿ ಬಂತು, ಚೇತರಿಸಿಕೊಂಡಿತು, ನಾಲ್ಕನೇ ದಿನ ನೇರ ಐರ್ಲೆಂಡಿನತ್ತ ಹಾರಿತು. ಊರು ಬಿಟ್ಟು ಮುಂಬೈಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ದುಡಿಯುವ ನಮ್ಮ ಓದುಗರಿಗೆ ಈ ಕಥೆಗೆ ವ್ಯಾಖ್ಯಾನ ಬೇಡ.

ದುಭಾಷಿಯ ಮೂಲಕ ಶುಭಸಂದೇಶ

ಸ್ಕಾಟ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗದಲ್ಲಿ ಪಿಕ್ಟ್ ಜನಾಂಗದವರಿದ್ದರು. ಅವರ ಭಾಷೆ ಬೇರೆ. ಕೊಲುಂಬಾರು ಅವರಿಗೆ ದುಭಾಷಿಯ ಮೂಲಕ ಬೋಧಿಸಿದರೆಂದು ಅದೊಮ್ನಾನ್ ಸ್ಪಷ್ಟವಾಗಿ ಬರೆಯುತ್ತಾರೆ. ಸ್ಕೈ ದ್ವೀಪದಲ್ಲಿ ಅರ್ತ್‌ಬ್ರನಾನ್ ಎಂಬ ಮುದುಕನನ್ನು ಇಬ್ಬರು ಯುವಕರು ದೋಣಿಯಲ್ಲಿ ಹೊತ್ತು ತಂದರು. ದುಭಾಷಿಯ ಬಾಯಿಂದ ಶುಭಸಂದೇಶ ಕೇಳಿ, ನಂಬಿ, ಅಲ್ಲಿಯೇ ಜ್ಞಾನಸ್ನಾನ ಪಡೆದು, ಆತ ಆ ಕ್ಷಣವೇ ತೀರಿಕೊಂಡನು. ಅವನನ್ನು ಅಲ್ಲಿಯೇ ಮಣ್ಣು ಮಾಡಿ ಕಲ್ಲು ಪೇರಿಸಿದರು. ಜ್ಞಾನಸ್ನಾನ ನಡೆದ ತೊರೆಗೆ 'ದೊಬುರ್ ಅರ್ತ್‌ಬ್ರನಾನಿ' ಎಂಬ ಹೆಸರಾಯಿತು. 'ದೊಬುರ್' ನೀರಿಗೆ ಇದ್ದ ಹಳೆಯ ಪದ. ಒಬ್ಬ ಮುದುಕನ ಕೊನೆಯ ಗಳಿಗೆಯ ನಂಬಿಕೆ ಒಂದು ತೊರೆಯ ಹೆಸರಾಗಿ ನಿಂತಿತು.

ಪಿಕ್ಟರ ಅರಸ ಬ್ರೂದೆಯ ಕೋಟೆ ನೆಸ್ ನದಿಯ ಬಳಿ ಇತ್ತು. ಇಂದಿನ ಇನ್ವರ್ನೆಸ್ ನಗರ ಅಲ್ಲಿದೆ. 'ಇನ್ವೆರ್' ಎಂದರೆ ಅಳಿವೆ, ಅಂದರೆ ಇನ್ವರ್ನೆಸ್ ನೆಸ್ ನದಿಯ ಅಳಿವೆ. ಇಲ್ಲಿ ನದಿಯಲ್ಲಿ ಒಬ್ಬನನ್ನು ಕೊಂದ ಜಲಮೃಗವು ಕೊಲುಂಬಾರ ಸಂಗಡಿಗ ಲುಯ್ನೆಯ ಮೇಲೆ ಏರಿ ಬಂದಾಗ ಸಂತರು ಶಿಲುಬೆಯ ಗುರುತು ಮಾಡಿ ಅದನ್ನು ಹಿಂದಟ್ಟಿದರೆಂಬ ಕಥೆ ಇದೆ. 1933ರ ನಂತರ ಲೋಕ್ ನೆಸ್ ಸರೋವರದ ಪ್ರಾಣಿಯ ಸುದ್ದಿ ಲೋಕವೆಲ್ಲ ಹಬ್ಬಿದ ಮೇಲೆ ಕೊಲುಂಬಾರು ಪ್ರವಾಸಿಗರಿಗೂ ಪರಿಚಿತರಾದರು.

ನಮಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದೇ ಪ್ರಯಾಣದ ಇನ್ನೊಂದು ಘಟನೆ. ಅರಸನ ಮಂತ್ರವಾದಿ ಬ್ರೊಯ್ಖಾನ್ ಬಳಿ ಐರ್ಲೆಂಡಿನ ಒಬ್ಬ ಗುಲಾಮ ಹುಡುಗಿ ಇದ್ದಳು. ಅವಳನ್ನು ಬಿಡುಗಡೆ ಮಾಡಬೇಕೆಂದು ಕೊಲುಂಬಾರು ಕೇಳಿದರು. ಅವನು ಒಪ್ಪಲಿಲ್ಲ. ಸಂತರು ಬಿಡಲಿಲ್ಲ. ಮಂತ್ರವಾದಿ ಸಾಯುವ ಸ್ಥಿತಿಗೆ ಬಂದಾಗಲೂ ಮೊದಲು ಹುಡುಗಿಯ ಬಿಡುಗಡೆ, ಆಮೇಲೆ ಮದ್ದು ಎಂದು ಹಟ ಹಿಡಿದರು. ಹುಡುಗಿ ಬಿಡುಗಡೆಯಾದಳು, ಅವನೂ ಬದುಕಿದನು. ಅವಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಆದರೆ ಈ ಕಥೆಯನ್ನು ಬರೆದ ಅದೊಮ್ನಾನ್ ಅವರೇ 697ರಲ್ಲಿ ಐರ್ಲೆಂಡಿನ ಬಿರ್ ಎಂಬಲ್ಲಿ ಯುದ್ಧಕಾಲದಲ್ಲಿ ಹೆಂಗಸರು, ಮಕ್ಕಳು ಮತ್ತು ಧರ್ಮಗುರುಗಳನ್ನು ರಕ್ಷಿಸುವ ಕಾನೂನನ್ನು ಜಾರಿಗೆ ತಂದರು.

ವಾರದ ದಿನಗಳಲ್ಲೂ ಉಪವಾಸ

ಐಯೋನಾದ ದಿನಚರಿ ಪ್ರಾರ್ಥನೆ, ಬೇಸಾಯ ಮತ್ತು ಬರವಣಿಗೆ. ಬುಧವಾರ ಮತ್ತು ಶುಕ್ರವಾರ ಉಪವಾಸ. ಒಂದು ಮಂಗಳವಾರ ಕೊಲುಂಬಾರು, ಮರುದಿನ ಅತಿಥಿ ಬರಲಿದ್ದಾರೆ, ಆದ್ದರಿಂದ ಬುಧವಾರದ ಉಪವಾಸ ಬೇಡ ಎಂದು ತಿಳಿಸಿದರೆಂದು ಅದೊಮ್ನಾನ್ ಬರೆದಿದ್ದಾರೆ. ನಿಯಮ ಕಠಿಣವಾಗಿತ್ತು, ಆದರೆ ಅತಿಥಿ ಅದಕ್ಕಿಂತ ದೊಡ್ಡವರಾಗಿದ್ದರು.

ಈ ಉಪವಾಸ ಭಾಷೆಯೊಳಗೇ ಇಳಿದಿದೆ. ಇಂದಿನ ಐರಿಷ್‌ನಲ್ಲೂ ಬುಧವಾರದ ಹೆಸರಿಗೆ ಮೊದಲ ಉಪವಾಸ ಎಂದು ಅರ್ಥ. ಶುಕ್ರವಾರದ ಹೆಸರಿಗೆ ಉಪವಾಸ ಎಂದೇ ಅರ್ಥ. ಗುರುವಾರವೋ, ಎರಡು ಉಪವಾಸಗಳ ನಡುವಿನ ದಿನ. ಸ್ಕಾಟ್ಲೆಂಡಿನ ದ್ವೀಪಗಳ ಜನ ಆ ಗುರುವಾರವನ್ನು ಕೊಲಮ್ ಕಿಲ್ಲೆಯ ದಿನವೆಂದು ಕರೆದು, ಹೊಸ ಕೆಲಸಕ್ಕೆ ಕೈಹಾಕಲು ಶುಭವೆಂದು ಎಣಿಸುತ್ತಿದ್ದರು. ಹಳದಿ ಹೂವಿನ ಒಂದು ಔಷಧಿ ಗಿಡಕ್ಕೆ ಅವರು ಇಟ್ಟ ಹೆಸರಿನ ಅರ್ಥ ಕೊಲಮ್ ಕಿಲ್ಲೆಯ ಕಂಕುಳ ಗಿಡ ಎಂದು. ಹೆದರಿ ಕಂಗೆಟ್ಟಿದ್ದ ದನಗಾಹಿ ಹುಡುಗನೊಬ್ಬನ ಕಂಕುಳಲ್ಲಿ ಸಂತರು ಆ ಗಿಡವನ್ನಿಟ್ಟು ಗುಣಪಡಿಸಿದರೆಂದು ಕಥೆ.

ಎಲ್ಲ ಜನಪದ ಕಥೆಗಳನ್ನೂ ಹೀಗೆ ಒಪ್ಪಲಾಗದು. ಐಯೋನಾದ ಎದುರಿನ ಪುಟ್ಟ ದ್ವೀಪಕ್ಕೆ 'ಎಲಾನ್ ನಮ್ ಬನ್', ಹೆಂಗಸರ ದ್ವೀಪ ಎಂಬ ಹೆಸರಿದೆ. ಸಂತರು ಹಸುಗಳನ್ನೂ ಹೆಂಗಸರನ್ನೂ ಐಯೋನಾದಿಂದ ಹೊರಗಿಟ್ಟರೆಂದೂ, ಹಸು ಇದ್ದಲ್ಲಿ ಹೆಂಗಸು, ಹೆಂಗಸು ಇದ್ದಲ್ಲಿ ತಂಟೆ ಎಂಬುದು ಅವರ ಅಭಿಪ್ರಾಯವೆಂದೂ ಹೇಳುವುದುಂಟು. ಆದರೆ ಐಯೋನಾದ ಹಟ್ಟಿಯಿಂದ ಮಠಕ್ಕೆ ಹಾಲು ಹೊರುತ್ತಿದ್ದ ಬಿಳಿ ಕುದುರೆಯ ಬಗ್ಗೆ ಅದೊಮ್ನಾನ್ ಬರೆದಿದ್ದಾರೆ. ಹಸುವಿಲ್ಲದೆ ಹಾಲೆಲ್ಲಿಂದ ಬರಬೇಕು? ಹೆಸರು ಹಳೆಯದಿರಬಹುದು, ಅದಕ್ಕೆ ಕಟ್ಟಿದ ಕಥೆ ಆಮೇಲಿನದ್ದೂ ಇರಬಹುದು.

ಕೊನೆಯ ದಿನ

ಆ ಬಿಳಿ ಕುದುರೆ ಮತ್ತೊಮ್ಮೆ ಕಾಣಿಸಿಕೊಳ್ಳುವುದು ಸಂತರ ಕೊನೆಯ ದಿನ. 597ರ ಜೂನ್ 8, ಶನಿವಾರ. ವಯಸ್ಸು 75 ದಾಟಿತ್ತು. ಕೊಲುಂಬಾರು ಸೇವಕ ದಿಯರ್ಮಿತ್‌ನೊಂದಿಗೆ ಕಣಜಕ್ಕೆ ಹೋಗಿ ಧಾನ್ಯವನ್ನು ಆಶೀರ್ವದಿಸಿದರು. ತಾವು ಹೋದ ಮೇಲೂ ಸಹೋದರರಿಗೆ ವರ್ಷದ ಊಟವಿದೆ ಎಂದು ಸಮಾಧಾನಪಟ್ಟರು. ಹಿಂತಿರುಗುವಾಗ ದಾರಿಬದಿಯಲ್ಲಿ ದಣಿದು ಕುಳಿತರು. ಹಾಲು ಹೊರುವ ಕುದುರೆ ಬಂದು ಅವರ ಎದೆಗೆ ತಲೆಯಿಟ್ಟು ಅತ್ತಿತು. ದಿಯರ್ಮಿತ್ ಅದನ್ನು ಓಡಿಸಲು ಹೋದಾಗ ಸಂತರು ತಡೆದು, ಅಳಲು ಬಿಡುವಂತೆ ಹೇಳಿದರು.

ನಂತರ ಮಠದ ಎದುರಿನ ದಿಬ್ಬ ಹತ್ತಿ ಮಠವನ್ನು ಆಶೀರ್ವದಿಸಿದರು. ಗುಡಿಸಲಿಗೆ ಬಂದು ಕೀರ್ತನೆಗಳ ನಕಲು ಮುಂದುವರಿಸಿದರು. ಲತೀನ್ ಎಣಿಕೆಯ 33ನೇ ಕೀರ್ತನೆಯಲ್ಲಿ, ದೇವರನ್ನು ಅರಸುವವರಿಗೆ ಯಾವ ಒಳಿತಿನ ಕೊರತೆಯೂ ಬಾರದು ಎಂಬ ಅರ್ಥದ ಸಾಲಿಗೆ ಬಂದಾಗ ಲೇಖನಿ ಕೆಳಗಿಟ್ಟರು. ಉಳಿದದ್ದನ್ನು ಬೈತೆನೆ ಬರೆಯಲಿ ಎಂದರು. ಮುಂದಿನ ಸಾಲು ಮಕ್ಕಳಿಗೆ ದೈವಭಯ ಕಲಿಸುವ ಕುರಿತದ್ದು. ಬೈತೆನೆ ಅವರೇ ಮುಂದಿನ ಮಠಾಧ್ಯಕ್ಷರಾದರು. ಯುದ್ಧದ ಕಾರಣವೆನ್ನಲಾದ ಪುಸ್ತಕವೂ ಕೀರ್ತನೆಗಳದ್ದು, ಕೊನೆಯ ದಿನ ಕೈಯಲ್ಲಿದ್ದದ್ದೂ ಕೀರ್ತನೆಗಳದ್ದು. ಅಂದು ತನ್ನದೆಂದು ಹಿಡಿದುಕೊಂಡವರು ಇಂದು ಅರ್ಧಕ್ಕೆ ಬಿಟ್ಟು ಇನ್ನೊಬ್ಬರಿಗೆ ಒಪ್ಪಿಸಿದರು. ಇದೇ ಪರಿವರ್ತನೆ, ಇದೇ ಪಾರಿವಾಳ ಎಂದು ನಾವು ತಿಳಿಯುತ್ತೇವೆ.

ಅವರ ಹಾಸಿಗೆ ಬರಿ ಬಂಡೆ, ದಿಂಬು ಕಲ್ಲು. ನಡುರಾತ್ರಿಯ ಗಂಟೆ ಬಾರಿಸಿದಾಗ ಎಲ್ಲರಿಗಿಂತ ಮೊದಲು ಪ್ರಾರ್ಥನಾಲಯಕ್ಕೆ ಓಡಿದರು. ದಿಯರ್ಮಿತ್ ಕತ್ತಲಲ್ಲಿ ತಡಕಾಡಿ, ಪೀಠದ ಮುಂದೆ ಬಿದ್ದಿದ್ದ ಗುರುಗಳನ್ನು ಎತ್ತಿ ಮಡಿಲಿಗೆ ಒರಗಿಸಿಕೊಂಡನು. ಸಹೋದರರು ದೀಪ ಹಿಡಿದು ಬಂದರು. ಮಾತು ನಿಂತಿತ್ತು. ದಿಯರ್ಮಿತ್ ಎತ್ತಿಹಿಡಿದ ಬಲಗೈಯನ್ನು ಸಂತರು ಅಲುಗಿಸಿ ಎಲ್ಲರನ್ನೂ ಆಶೀರ್ವದಿಸಿ ಪ್ರಾಣ ಬಿಟ್ಟರು. ಅದು ಜೂನ್ 9ರ ಭಾನುವಾರ. 3 ದಿನ ಬಿರುಗಾಳಿ ಬೀಸಿ ಯಾವ ದೋಣಿಯೂ ದಾಟಲಿಲ್ಲ. ಅಂತ್ಯಕ್ರಿಯೆಯಲ್ಲಿ ಮಠದವರಷ್ಟೇ ಇದ್ದರು.

ಹೆಸರುಗಳು ಹೇಳುವ ಸಾಕ್ಷಿ

ಐಯೋನಾದಿಂದ ಸಂತ ಐಡನ್ 635ರಲ್ಲಿ ಇಂಗ್ಲೆಂಡಿನ ಲಿಂಡಿಸ್ಫಾರ್ನ್‌ಗೆ ಹೋಗಿ ಶುಭಸಂದೇಶ ಸಾರಿದರು. 795ರಿಂದ ವೈಕಿಂಗರ ದಾಳಿ ಶುರುವಾಯಿತು. 806ರಲ್ಲಿ 68 ಮಂದಿಯ ಕೊಲೆಯಾಯಿತು. ದ್ವೀಪದ ಒಂದು ಕೊಲ್ಲಿಗೆ ಇಂದಿಗೂ ರಕ್ತಸಾಕ್ಷಿಗಳ ಬಂದರು ಎಂಬ ಹೆಸರಿದೆ. ಸಂತರ ಪವಿತ್ರ ಅವಶೇಷಗಳನ್ನು 849ರಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್‌ಗಳಿಗೆ ಹಂಚಲಾಯಿತು.

ಆದರೆ ಹೆಸರನ್ನು ಯಾವ ದಾಳಿಕೋರನೂ ಒಯ್ಯಲಾಗಲಿಲ್ಲ. ಡೊನೆಗಾಲಿನ ಗ್ಲೆನ್‌ಕೊಲಮ್‌ಕಿಲ್ ಎಂದರೆ ಕೊಲಮ್ ಕಿಲ್ಲೆಯ ಕಣಿವೆ. ಅಲ್ಲಿ ಜೂನ್ 9ರಂದು ಭಕ್ತರು 15 ತಾಣಗಳ ಯಾತ್ರೆ ಮಾಡುತ್ತಾರೆ. ಎಡಿನ್‌ಬರೋ ಹತ್ತಿರದ ಇಂಚ್‌ಕಾಮ್ ಎಂದರೆ ಕೊಲಮ್‌ನ ದ್ವೀಪ. ಕಿಲ್ಮಕೋಮ್ ಎಂದರೆ ನನ್ನ ಕೊಲಮ್‌ನ ಇಗರ್ಜಿ. ಸಂತರ ಹೆಸರಿನ ಹಿಂದೆ 'ಮೊ', ನನ್ನ ಎಂದು ಸೇರಿಸುವುದು ಗೇಲರ ವಾಡಿಕೆ. ಮಾಲ್ಕಮ್ ಎಂಬ ವ್ಯಕ್ತಿನಾಮದ ಅರ್ಥವೂ ಕೊಲಮ್‌ನ ಭಕ್ತ ಎಂದೇ. ಆ ಹೆಸರಿನ ನಾಲ್ವರು ಸ್ಕಾಟ್ಲೆಂಡನ್ನು ಆಳಿದರು.

ಟೋಬರ್ಮೋರಿ ಎಂಬ ಬಂದರು ಊರಿನ ಹೆಸರು ಮಾತೆ ಮರಿಯಮ್ಮನವರ ಭಕ್ತರಿಗೆ ಇಷ್ಟವಾದೀತು. 'ತೋಬರ್' ಎಂದರೆ ಬಾವಿ, 'ಮೊಯ್ರೆ' ಎಂದರೆ ಮರಿಯಮ್ಮ. ಸೇರಿದಾಗ ಗೇಲಿಕ್‌ನಲ್ಲಿ 'ತೋಬರ್ ವೊಯ್ರೆ'. ಮೆಲ್ ಮತ್ತು ಮಾತು ಸೇರಿ ಮೆಲ್ವಾತು ಆಗುವಂತೆ ಅಲ್ಲಿಯೂ ಮಕಾರ ವಕಾರವಾಗುತ್ತದೆ. ಇನ್ನೊಂದು ವಿಶೇಷವೆಂದರೆ ಮೊಯ್ರೆ ಎಂಬ ರೂಪ ದೇವಮಾತೆಗೆ ಮಾತ್ರ ಮೀಸಲು. ಮನೆಯ ಹೆಣ್ಣುಮಕ್ಕಳಿಗೆ ಮಾರಿ ಎಂಬ ಬೇರೆ ರೂಪವನ್ನು ಇಡುತ್ತಾರೆ.

ನಮಗೂ ಈ ಭಾಷೆಗೂ ದೂರದ ನಂಟೊಂದಿದೆ. ಗೇಲರು ಧರ್ಮಸಭೆಗೆ ಹೇಳುವ 'ಎಗ್ಲಿಶ್' ಎಂಬ ಪದವೂ, ಪೋರ್ಚುಗೀಸರ ಮೂಲಕ ನಮ್ಮ ಕರಾವಳಿಗೆ ಬಂದ ಇಗರ್ಜಿ ಎಂಬ ಪದವೂ 'ಎಕ್ಲೇಸಿಯಾ' ಎಂಬ ಒಂದೇ ಬೇರಿನಿಂದ ಹುಟ್ಟಿದವು. ಅವರ 'ಆಸ್ಪಗ್' ಮತ್ತು ಕೊಂಕಣಿಯ 'ಬಿಸ್ಪ್' ಸಹ ಒಂದೇ ಬೇರಿನವು.

ಕೊನೆಯದಾಗಿ ಒಂದು ಸಂಗತಿ. ಐಯೋನಾ ಮಠದ ಎದುರಿನ ಕಲ್ಲುದಿಬ್ಬವನ್ನು ಅಲ್ಲಿನವರು 'ತೋರ್ ಅನ್ ಅಬ', ಮಠಾಧ್ಯಕ್ಷರ ದಿಬ್ಬ ಎಂದು ಕರೆಯುತ್ತಿದ್ದರು. ಕೊಲುಂಬಾರು ಕುಳಿತು ಬರೆಯುತ್ತಿದ್ದ ಗುಡಿಸಲು ಅಲ್ಲಿತ್ತು ಎಂಬ ನಂಬಿಕೆಯನ್ನು ವಿದ್ವಾಂಸರು ಸಂಶಯದಿಂದ ನೋಡಿದ್ದರು. 1957ರಲ್ಲಿ ಅಲ್ಲಿ ಅಗೆದಾಗ ಸುಟ್ಟ ಮರದ ಇದ್ದಲು ಸಿಕ್ಕಿತು, ಆದರೆ ಅದರ ಕಾಲ ನಿರ್ಧಾರವಾಗಲಿಲ್ಲ. ಜೋಪಾನವಾಗಿ ಉಳಿದಿದ್ದ ಅದೇ ಇದ್ದಲನ್ನು ಗ್ಲಾಸ್ಗೋ ವಿಶ್ವವಿದ್ಯಾನಿಲಯದವರು ಪರೀಕ್ಷಿಸಿ, 540 ಮತ್ತು 650ರ ನಡುವಿನದ್ದೆಂದು 2017ರಲ್ಲಿ ಪ್ರಕಟಿಸಿದರು. ಗುಡಿಸಲು ಸಂತರದ್ದೇ ಎಂದು ಇದರಿಂದ ಸಿದ್ಧವಾಗದು. ಆದರೆ ಅವರ ಕಾಲದಲ್ಲಿ ಅಲ್ಲೊಂದು ಗುಡಿಸಲು ಇದ್ದಿರಬಹುದೆಂಬ ಮಾತಿಗೆ ಬಲ ಬಂತು. ಪುಸ್ತಕಗಳು ಸಂಶಯಪಟ್ಟಾಗಲೂ ರೈತರ ಮತ್ತು ಬೆಸ್ತರ ನಾಲಿಗೆ ಅದನ್ನು ಕಾದುಕೊಂಡಿತ್ತು.

ಆ ನಾಲಿಗೆ ಈಗ ಬಡವಾಗಿದೆ. ಸ್ಕಾಟ್ಲೆಂಡಿನ 2011ರ ಜನಗಣತಿಯಲ್ಲಿ ಗೇಲಿಕ್ ಮಾತನಾಡಬಲ್ಲವರು ಸುಮಾರು 57,000 ಮಂದಿ ಮಾತ್ರ. ಮಾತನಾಡುವವರು ಹೋದರೆ ಹೆಸರು ನಕ್ಷೆಯಲ್ಲಿ ಉಳಿಯುತ್ತದೆ, ಅರ್ಥ ಉಳಿಯುವುದಿಲ್ಲ. ಐರ್ಲೆಂಡಿನ ಭೂಮಾಪನ ನಡೆದಾಗ, 1834ರಿಂದ ಜಾನ್ ಓ'ಡೊನೊವನ್ ಎಂಬ ವಿದ್ವಾಂಸರು ಹಳ್ಳಿಹಳ್ಳಿಗೆ ಹೋಗಿ ಮುದುಕರನ್ನು ಕೂರಿಸಿಕೊಂಡು ಊರಿನ ಹೆಸರುಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡರು. ಇಲ್ಲದಿದ್ದರೆ ಎಷ್ಟೋ ಸಂತರ ನೆನಪು ಅವರ ಜೊತೆಗೇ ಮಣ್ಣಾಗುತ್ತಿತ್ತು.

ಪ್ರಿಯ ಬಾಂಧವರೇ, ನಿಮ್ಮ ಧರ್ಮಕೇಂದ್ರದಲ್ಲೂ ಹಳೆಯ ಶಿಲುಬೆಯೊಂದರ, ಬಾವಿಯೊಂದರ, ಗುಡ್ಡವೊಂದರ ಹೆಸರಿನ ಕಾರಣ ಬಲ್ಲ ಅಜ್ಜ ಅಜ್ಜಿಯರು ಇದ್ದಾರೆ. ಕ್ರೈಸ್ತ ಶಿಕ್ಷಣದ ಮಕ್ಕಳು ಒಂದು ಭಾನುವಾರ ಬಲಿಪೂಜೆಯ ನಂತರ ಅವರ ಮನೆಗೆ ಹೋಗಿ, ಕೇಳಿ, ಬರೆದುಕೊಳ್ಳಲಿ. ಮುಂದಿನ ವರ್ಷಕ್ಕೆಂದು ಇದನ್ನು ಮುಂದೂಡುವುದು ಬೇಡ. ಅರ್ಧಕ್ಕೆ ನಿಂತ ಪುಟವನ್ನು ಕೊಲುಂಬಾರು ಬೈತೆನೆಗೆ ಒಪ್ಪಿಸಿದಂತೆ, ನಮ್ಮ ಹಿರಿಯರೂ ಒಪ್ಪಿಸಿ ಹೋಗಲು ಯಾರಾದರೂ ಬಳಿ ಬಂದು ಕೂರಬೇಕು. ಇಗರ್ಜಿಯ ಪಾರಿವಾಳವಾದ ಸಂತ ಕೊಲುಂಬಾರು ನಮಗಾಗಿ ಪ್ರಾರ್ಥಿಸಲಿ.